ಸಂಗಡ ಯಾರು ಬಂದಿದ್ದಾರೆ?

ಕಾರವಾರದ ಆ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ, ನಮ್ಮ ಫಿಸಿಯೋಥೆರಪಿ ಕೋಣೆಗೆ ರೋಗಿ ಒಬ್ಬರೇ ಬಂದದ್ದು ನನಗೆ ನೆನಪಿಲ್ಲ. ಮಂಡಿನೋವಿನ ಅಜ್ಜಿ ಒಳಗೆ ಬಂದರೆ ಹಿಂದೆ ಸೊಸೆ, ಸೊಸೆಯ ಹಿಂದೆ ಮೊಮ್ಮಗಳು, ಹೊರಗೆ ರಿಕ್ಷಾ ನಿಲ್ಲಿಸಿಕೊಂಡು ಅಳಿಯ. ನೋವು ಎಲ್ಲಿ ಎನ್ನುವುದಕ್ಕೂ ಮೊದಲು ‘ಸಂಗಡ ಯಾರ್ ಬಂದವ್ರೆ?’ ಎಂದು ಕೇಳುವುದು ನನ್ನ ರೂಢಿ. ಅಜ್ಜಿಗೆ ವ್ಯಾಯಾಮ ಹೇಳಿಕೊಟ್ಟರೆ ಗೇಟು ದಾಟುವುದರೊಳಗೆ ಮರೆತುಬಿಡುತ್ತಾಳೆ. ಸೊಸೆಗೆ ಕಲಿಸಿದರೆ ಬೆನ್ನು ಬಿಡದೆ ಮಾಡಿಸುತ್ತಾಳೆ. ಅತ್ತೆಗೆ ‘ಇನ್ನೊಂದು ಸಲ, ಇನ್ನೊಂದು ಸಲ’ ಎನ್ನುವ ಅವಕಾಶ ಯಾವ ಸೊಸೆಗೆ ಬೇಡ?

ಈ ರೂಢಿಯೇ ನನ್ನ ಪರೀಕ್ಷೆಗೆ ಕುತ್ತಾಯಿತು.

ಮದುವೆಯಾದ ಸ್ವಲ್ಪ ದಿನಕ್ಕೇ ನನ್ನ ಗಂಡ ಕೆಲಸಕ್ಕೆಂದು ಮಸ್ಕತ್ತಿಗೆ ಹೋಗಿದ್ದ. ಅವನೊಬ್ಬನ ಸಂಬಳದಲ್ಲಿ ಅಲ್ಲಿ ಸಂಸಾರ ಹೂಡುವಂತಿರಲಿಲ್ಲ. ಆ ದೇಶದ ಲೈಸೆನ್ಸ್ ಪರೀಕ್ಷೆ ಪಾಸಾದರೆ ನನಗೂ ಅಲ್ಲಿ ಕೆಲಸ, ಇಬ್ಬರಿಗೂ ಒಂದೇ ಮನೆ. ಇಲ್ಲವಾದರೆ ಫೋನಿನಲ್ಲೇ ಗಂಡ, ಫೋನಿನಲ್ಲೇ ಹೆಂಡತಿ. ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು ಬರೆದು ಬಂದೆ. ಫೇಲಾದೆ. ಅವನು ಬಯ್ಯಲಿಲ್ಲ. ‘ಇನ್ನೊಂದ್ಸಲ ಬರಿ’ ಅಂದ.

ತಪ್ಪು ನಮ್ಮ ಮನೆಯದು ಎಂದು ನಾನು ತೀರ್ಮಾನಿಸಿದೆ. ಅಂಕೋಲೆ ಹತ್ತಿರದ ಮಂಜಗುಣಿಯ ತವರಿನಲ್ಲಿ ಅಣ್ಣ, ಅತ್ತಿಗೆ, ಮಕ್ಕಳು, ಬಂದುಹೋಗುವ ನೆಂಟರು. ಪುಸ್ತಕ ಬಿಡಿಸಿದರೆ ಯಾರಾದರೂ ಅದರ ಮೇಲೆ ಚಹಾ ಲೋಟ ಇಡುತ್ತಿದ್ದರು. ಓದಲು ಏಕಾಂತ ಬೇಕೆಂದು ಕಾರವಾರದ ಪಕ್ಕದ ಚಿತ್ತಾಕುಲದಲ್ಲಿ ಒಂದು ಮಹಡಿ ಕೋಣೆ ಹಿಡಿದೆ. ನನ್ನ ಅಮ್ಮನಿಗೆ, ಆಯಿಗೆ, ಅರ್ಥವೇ ಆಗಲಿಲ್ಲ. ‘ಅಲ್ಲಾ ತಂಗೀ, ಮನೆ ತುಂಬ ಜನ ಇರುವಾಗ ಒಬ್ಳೇ ಹೋಗಿ ಕೂತ್ಕಳೂಕೆ ನಿಂಗೆ ಎಂತಾ ಹುಚ್ಚೇ?’

ಮನೆಯ ಮಾಲೀಕರು ಗೋವಾದಲ್ಲಿದ್ದರು, ಚೌತಿಗೆ ಮಾತ್ರ ಬರುವವರು. ಕೆಳಗಿನ ಮನೆಗೆ ಬೀಗ. ಏಕಾಂತ ಕೇಳಿದ್ದೆ, ಮೊಗೆದು ಮೊಗೆದು ಸಿಕ್ಕಿತು. ಆದರೆ ನಮ್ಮ ವಿದ್ಯೆ ಬರೀ ಓದಿ ಬರುವಂಥದ್ದಲ್ಲ, ಮುಟ್ಟಿ ಬರುವಂಥದ್ದು. ಕಾಲೇಜಿನಲ್ಲಿ ಜೋಡಿಯಾಗಿ ಕಲಿಯುತ್ತಿದ್ದೆವು, ಒಬ್ಬಳು ಮಲಗಿದರೆ ಇನ್ನೊಬ್ಬಳು ಅವಳ ಭುಜ ತಿರುಗಿಸಿ ನೋಡಬೇಕು. ಇಲ್ಲಿ ನನ್ನ ಮಂಡಿಯನ್ನು ನಾನೇ ಅಳೆದೆ. ನನ್ನ ಕತ್ತಿನ ಹಿಂದಿನ ಮೂಳೆಗಳನ್ನು ನಾನೇ ಹುಡುಕಿದೆ. ಉಳಿದದ್ದಕ್ಕೆ ತಲೆದಿಂಬು. ಒಮ್ಮೆ ಆ ದಿಂಬಿಗೆ ‘ಉಸಿರು ಬಿಡಿ, ಗಟ್ಟಿ ಹಿಡಿಬೇಡಿ’ ಎಂದು ಹೇಳಿ, ನನ್ನ ದನಿ ಕೇಳಿ ನನಗೇ ಗಾಬರಿಯಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಬೇರೆ ಯಾರೊಂದಿಗೂ ಮಾತಾಡಿಯೇ ಇರಲಿಲ್ಲ.

ಮೊಬೈಲಿನಲ್ಲಿ ಅಭ್ಯಾಸದ ಪರೀಕ್ಷೆಗಳನ್ನು ಬಿಡಿಸತೊಡಗಿದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಮಂಡಿ ಬದಲಿಸಿಕೊಂಡ ಹೆಂಗಸು, ಮನೆಗೆ ಹೊರಟಿದ್ದಾಳೆ, ಮೊದಲು ಏನು ಮಾಡುತ್ತೀರಿ? ನಾನು ‘ಮನೆಯವರಿಗೆ ತರಬೇತಿ ಕೊಡುತ್ತೇನೆ’ ಎಂಬುದನ್ನು ಒತ್ತುತ್ತಿದ್ದೆ. ತಪ್ಪು. ಪಾರ್ಶ್ವವಾಯು ಆದ ಮುದುಕ, ಮತ್ತೆ ಮನೆಯವರು, ಮತ್ತೆ ತಪ್ಪು. ಕೆಳಗೆ ವಿವರಣೆ ಇರುತ್ತಿತ್ತು: ರೋಗಿ ಒಬ್ಬಂಟಿಯಾಗಿ ವಾಸಿಸುತ್ತಾರೆ ಎಂದು ಪ್ರಶ್ನೆಯಲ್ಲೇ ಹೇಳಿದೆ. ಹೇಳಿತ್ತು, ನಿಜ. ಆ ಸಾಲನ್ನು ನನ್ನ ಕಣ್ಣು ಓದುತ್ತಿತ್ತು, ತಲೆ ನಂಬುತ್ತಿರಲಿಲ್ಲ. ಒಬ್ಬಳೇ ಇದ್ದಾಳೆ ಅಂದರೇನು? ಇವಳ ಸೊಸೆ ಎಲ್ಲಿ ಹೋದಳು? ಪಕ್ಕದ ಮನೆಯವರು ಸತ್ತರೇ? ಪ್ರಶ್ನೆ ಬರೆದವರ ಮೇಲೆ ಸಿಟ್ಟೇ ಬರುತ್ತಿತ್ತು.

ಪರೀಕ್ಷೆಗೆ ಸ್ವಲ್ಪ ದಿನವಿದೆ ಎನ್ನುವಾಗ, ಮಳೆಗೆ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಹಾಲಿನ ಪೊಟ್ಟಣ ಹಿಡಿದು ಬರುವಾಗ ಜಾರಿದೆ. ಎಡ ಪಾದ ಒಳಕ್ಕೆ ಮಗುಚಿತು. ಅಲ್ಲೇ ಕೂತು ಒತ್ತಿ ನೋಡಿದೆ, ಮೂಳೆ ಮುರಿದಿರಲಿಲ್ಲ. ಬೇರೆಯವರ ಕಾಲಾಗಿದ್ದರೆ ‘ಏನೂ ಹೆದರಬೇಡಿ’ ಎನ್ನುತ್ತಿದ್ದೆ. ಆಯಿಗೆ ಹೇಳಿದರೆ ಇಡೀ ಮನೆಯೇ ಟೆಂಪೋ ಮಾಡಿಕೊಂಡು ಬಂದು ನನ್ನನ್ನು ಎತ್ತಿಕೊಂಡು ಹೋಗುತ್ತದೆ, ಓದು ಅಲ್ಲಿಗೆ ಮುಗಿಯಿತು. ಹೇಳಲಿಲ್ಲ. ಗಂಡ ವಿಡಿಯೋ ಕರೆ ಮಾಡಿದಾಗ ಮುಖ ಮಾತ್ರ ತೋರಿಸಿದೆ. ಆಸ್ಪತ್ರೆಗೆ ಜ್ವರವೆಂದು ರಜೆ ಹಾಕಿದೆ.

ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಎಷ್ಟು ಜನರಿಗೆ ಕಲಿಸಿದ್ದೆ! ಈಗ ಗೋಡೆ ಹಿಡಿದು ನನಗೇ ಹೇಳಿಕೊಂಡೆ. ಬಿಂದಿಗೆ ಎತ್ತಲಾಗದೆ ಲೋಟದಲ್ಲಿ ನೀರು ಸಾಗಿಸಿದೆ. ಒಲೆಯ ಹತ್ತಿರ ಕುರ್ಚಿ ಎಳೆದು ಅನ್ನಕ್ಕಿಟ್ಟೆ. ಬಿದ್ದ ಚಮಚ ಎತ್ತಲು ಹೋಗಿ ನೋವಾದಾಗ ಅದನ್ನು ಅಲ್ಲೇ ಬಿಟ್ಟು ಅಳುತ್ತ ಕೂತೆ. ಕಿಟಕಿಯಿಂದ ಕಾಳಿ ನದಿಯ ಸೇತುವೆಯ ಮೇಲೆ ಬಸ್ಸುಗಳು ಹೋಗುವುದು ಕಾಣುತ್ತಿತ್ತು, ಅಂಕೋಲೆಯ ಬಸ್ಸು ಹಿಡಿದರೆ ಆಯಿ ಎಷ್ಟು ದೂರ? ಆದರೂ ಹೋಗಲಿಲ್ಲ. ಅಷ್ಟು ಬೇಜಾರನ್ನು ನಾನು ಮೊದಲೆಂದೂ ಕಂಡಿರಲಿಲ್ಲ.

ಬೆಂಗಳೂರಿನ ಪರೀಕ್ಷಾ ಕೋಣೆಯಲ್ಲಿ, ಪ್ರಶ್ನೆಯೊಳಗೆ ಆ ಹೆಂಗಸು ಮತ್ತೆ ಬಂದಳು. ಸೊಂಟದ ಮೂಳೆ ಮುರಿದಿದೆ, ಮೆಟ್ಟಿಲಿರುವ ಮನೆ, ಒಬ್ಬಂಟಿ. ಈ ಸಲ ಅವಳ ಸೊಸೆಯನ್ನು ಹುಡುಕಲಿಲ್ಲ. ಅವಳು ನೀರು ಹೇಗೆ ಒಯ್ಯುತ್ತಾಳೆ, ಬಿದ್ದದ್ದನ್ನು ಹೇಗೆ ಎತ್ತುತ್ತಾಳೆ ಎಂದು ಯೋಚಿಸಿದೆ. ಸರಿಯುತ್ತರ ತಕ್ಷಣ ಗೊತ್ತಾಯಿತು. ಗೊತ್ತಾಗಿದ್ದಕ್ಕೆ ಖುಷಿಯಾಗಲಿಲ್ಲ.

ಪಾಸಾದ ಸುದ್ದಿ ಬಂದಾಗ ನಾನು ಮಂಜಗುಣಿಯಲ್ಲಿದ್ದೆ. ಫೋನಿನಲ್ಲಿ ಗಂಡ ಕೂಗಿದ್ದು ಜಗಲಿಯವರಿಗೆಲ್ಲ ಕೇಳಿಸಿತು. ಆಯಿ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದಳು, ಹೇಳೋಣವೆಂದು ಮೆಟ್ಟಿಲಿಳಿದೆ. ಅವಳು ಸುದ್ದಿ ಕೇಳುವ ಮೊದಲು ನನ್ನ ಕಾಲು ನೋಡಿದಳು. ನೋವು ಹೋಗಿದ್ದರೂ ಎಡಗಾಲನ್ನೇ ಮೊದಲು ಇಳಿಸುವ ಅಭ್ಯಾಸ ಹೋಗಿರಲಿಲ್ಲ.

‘ಕಾಲಿಗೆ ಎಂತಾಯ್ತೇ?’

ಹೇಳಿದೆ, ಜಾರಿದ್ದು, ಊದಿದ್ದು, ಮುಚ್ಚಿಟ್ಟದ್ದು. ಬಯ್ಯುತ್ತಾಳೆಂದು ಕಾದೆ. ಆಯಿ ಕೈ ಕೂಡ ತೊಳೆಯದೆ ಕೇಳಿದಳು, ‘ಆಗ ಸಂಗಡ ಯಾರಿದ್ರೇ?’

‘ಯಾರೂ ಇರ್ಲಿಲ್ಲ ಆಯೀ’ ಎಂದೆ. ಆಮೇಲೆ ಅಳು ತಡೆಯಲಾಗಲಿಲ್ಲ. ಪಾಸಾದ ಖುಷಿಗೆ ಅಳುತ್ತಿದ್ದೇನೆಂದುಕೊಂಡು ಅತ್ತಿಗೆ ಒಳಗಿನಿಂದ ಓಡಿ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದಳು.