ಸೈಕಲ್ ಮುನೇಶ್ವರ

ಆಯುಧಪೂಜೆಯ ದಿನ ನನ್ನ ಅಂಗೈಯಲ್ಲಿ ಒಂದಿಷ್ಟು ಕುಂಕುಮ ಉಳಿದುಬಿಟ್ಟಿತು. ಚರಂಡಿಗೆ ತೊಳೆಯುವ ಹಾಗಿಲ್ಲ, ಜನ ತುಳಿಯುವ ಕಡೆ ಒದರುವ ಹಾಗೂ ಇಲ್ಲ. ಎದುರಿಗಿದ್ದ ಕಲ್ಲಿಗೆ ಹಚ್ಚಿದೆ.

ನಾನು ಮಾಡಿದ್ದು ಇಷ್ಟೇ...

ಆ ಕಲ್ಲು ಯಾವುದು ಅಂತ ಹೇಳಬೇಕು. ಶಿಡ್ಲಘಟ್ಟದ ಕಡೆಯ ನಮ್ಮೂರಿನ ಪೇಟೆ ರಸ್ತೆಯಲ್ಲಿ ನಮ್ಮ ಮನೆ. ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ, ಸುತ್ತಲ ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಹೆಣ್ಣುಮಕ್ಕಳು ಹೆಚ್ಚಾದರು.

ಅವರು ಟೆಂಪೋ, ಲಾರಿಗಳ ನಡುವೆ ಸಿಕ್ಕಿಕೊಳ್ಳದಿರಲಿ ಎಂದು ರಸ್ತೆಯ ಒಂದು ಅಂಚಿನಲ್ಲಿ ಮೊಣಕಾಲೆತ್ತರದ ಕಲ್ಲುಕೂಚಗಳನ್ನು ಸಾಲಾಗಿ ನೆಟ್ಟರು. ಕಲ್ಲಿನ ಒಳಗೆ ಸೈಕಲ್, ಹೊರಗೆ ಮಿಕ್ಕಿದ್ದೆಲ್ಲ. ಅದರಲ್ಲೊಂದು ಕಲ್ಲು ನಮ್ಮ ಜಗಲಿಯ ಎದುರಿಗೇ ಇತ್ತು.

ಭವ್ಯ ಅಂತ ಒಂಬತ್ತನೇ ಕ್ಲಾಸಿನ ಹುಡುಗಿ ದಿನವೂ ಆ ದಾರಿಯಲ್ಲೇ ಬರುತ್ತಿದ್ದಳು. ನಮ್ಮ ಜಗಲಿಯಲ್ಲಿ ಒಂದು ಲೋಟ ನೀರು ಕುಡಿದೇ ಮುಂದಕ್ಕೆ ಹೋಗುವುದು. ಅವತ್ತು ಅವಳ ಸೈಕಲ್ಲಿಗೆ ಪೂಜೆ ಮಾಡಿದ್ದು ನಾನೇ. ಕೈಯಲ್ಲಿ ಉಳಿದಿದ್ದು ಆ ಕುಂಕುಮ.

ಮಾರನೇ ದಿನ ನೋಡಿದರೆ ಕಲ್ಲಿನ ತಲೆಯ ಮೇಲೆ ಯಾರೋ ಒಂದು ಸೇವಂತಿಗೆ ಇಟ್ಟಿದ್ದಾರೆ!

ಕಾರ್ತಿಕದ ಹೊತ್ತಿಗೆ ದೀಪ ಬಂತು. ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಡುವುದು ಹೇಗೆ ಅಂದುಕೊಂಡರೋ ಏನೋ, ಸಾಲಿನ ಎಲ್ಲ ಕಲ್ಲುಗಳಿಗೂ ಅರಿಶಿನ ಕುಂಕುಮವಾಯಿತು. ಆಮೇಲೆ ಹೆಸರೂ ಬಂತು. ಸೈಕಲ್ ಮುನೇಶ್ವರ.

ನನಗೆ ನಗು, ಜೊತೆಗೆ ಕುತೂಹಲ. ಜಗಲಿಯ ಮೇಲೆ ಹೂ ಕಟ್ಟುತ್ತಾ ಯಾರು ಯಾರು ಕೈಮುಗಿಯುತ್ತಾರೆ ಎಂದು ನೋಡುತ್ತಾ ಕೂರುತ್ತಿದ್ದೆ. ದಿನಾ ಈ ಕಲ್ಲುಗಳನ್ನು ಬೈದುಕೊಂಡು ಹೋಗುತ್ತಿದ್ದ ಟೆಂಪೋ ಡ್ರೈವರೇ ಒಂದು ದಿನ ಚಪ್ಪಲಿ ಬಿಟ್ಟು ಇಳಿದು ಕಾಯಿ ಒಡೆದ.

“ಏನಪ್ಪಾ, ಇದು ಯಾವಾಗಿಂದ ದೇವ್ರು?” ಅಂತ ಕೇಳಿಯೇಬಿಟ್ಟೆ.

“ನಮ್ಮ ತಾತನ ಕಾಲದಿಂದ್ಲೂ ಇದೆ ಕಣಮ್ಮಾ. ಮನೆ ಮುಂದೇನೇ ಇಟ್ಕೊಂಡು ನಿಮಗೆ ಗೊತ್ತಿಲ್ವಾ?” ಅಂತ ನನಗೇ ಬುದ್ಧಿ ಹೇಳಿದ.

ಕಲ್ಲು ನೆಟ್ಟು ಎರಡು ವರ್ಷವೂ ಆಗಿರಲಿಲ್ಲ.

ಆದರೂ ನಾನು ಬಾಯಿಬಿಡಲಿಲ್ಲ. ಕಣ್ಣುಮುಚ್ಚಿ ಕೈಮುಗಿದವರಿಗೆ ಹೇಳುವುದಾದರೂ ಹೇಗೆ? ದೇವರು ಬರಬೇಕು ಅಂದುಕೊಂಡರೆ ಯಾವ ಕಲ್ಲಿಗಾದರೂ ಬರಬಹುದಲ್ಲ ಎಂದೂ ಅನ್ನಿಸಿತು...

ಸಂಕ್ರಾಂತಿಗೆ ಮುಂಚೆ ಪೇಟೆಯ ಅಂಗಡಿಯವರು ಕಲ್ಲುಗಳನ್ನು ತೆಗೆಸಿ ಎಂದು ಅರ್ಜಿ ಕೊಟ್ಟರು. ಸಮುದಾಯ ಭವನದಲ್ಲಿ ಮೀಟಿಂಗ್ ಕರೆದರು. ನಾನೂ ಹೋದೆ.

ಮೂಟೆ ಹೊರುವ ವೆಂಕಟೇಶ ಮೊದಲು ಎದ್ದ. “ಒಂದ್ಸಲ ನೀವೂ ಹೊತ್ತು ನೋಡ್ರಣ್ಣಾ. ಗಾಡಿ ಎಲ್ಲೋ ನಿಲ್ಲುತ್ತೆ, ಅಂಗಡಿ ಎಲ್ಲೋ ಇರುತ್ತೆ. ಕಲ್ಲು ಸುತ್ಕೊಂಡು ಬರೋದ್ರಲ್ಲಿ ಸೊಂಟ ಬಿದ್ದೋಗುತ್ತೆ.” ಅವನು ಹೇಳಿದ್ದೂ ಸುಳ್ಳಲ್ಲ.

ಆಮೇಲೆ ಭವ್ಯಳ ಅಪ್ಪ ಮುನಿಯಪ್ಪ. “ಕಲ್ಲು ಕಿತ್ರೆ ನಮ್ಮ ಹುಡುಗೀನ ಸೈಕಲ್ ಮೇಲೆ ಕಳ್ಸಲ್ಲ. ಆ ಹೊತ್ತಿಗೆ ಬಸ್ಸೂ ಇಲ್ಲ. ಮನೇಲಿರ್ತಾಳೆ, ಅಷ್ಟೆ.”

“ಓದಿ ಡೀಸಿ ಆಗ್ಬೇಕೇನೋ!” ಎಂದು ಹಿಂದಿನಿಂದ ಆ ಟೆಂಪೋ ಡ್ರೈವರ್ ಕೂಗಿದ.

“ಆಗ್ಲಿ ಬಿಡಯ್ಯಾ, ಮೊದ್ಲು ನಿನ್ನ ಗಾಡೀನೇ ಹಿಡಿಸ್ತಾಳೆ” ಅಂದ ಮುನಿಯಪ್ಪ. ಎಲ್ಲರೂ ನಕ್ಕರು. ಗೋಡೆಗೊರಗಿ ನಿಂತಿದ್ದ ಭವ್ಯ ನಗಲಿಲ್ಲ.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಮ್ಮ ವಾರ್ಡಿನ ಮೆಂಬರು ಕೈಯೆತ್ತಿದರು. “ನೋಡ್ರಪ್ಪಾ, ಉಳಿದಿದ್ದೆಲ್ಲ ಹಾಗಿರ್ಲಿ. ಅಲ್ಲಿ ಮುನೇಶ್ವರ ಇದಾನೆ. ದೇವ್ರ ಕಲ್ಲಿಗೆ ಹಾರೆ ಹಾಕೋರು ಯಾರು?”

ಅರ್ಜಿ ಕೊಟ್ಟವರೇ ಗಲ್ಲ ತಟ್ಟಿಕೊಂಡು “ಹಂಗಾದ್ರೆ ಇರ್ಲಿ ಬಿಡಿ” ಅಂದರು. ಮುನಿಯಪ್ಪನ ಮುಖ ಅರಳಿತು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಮೆಂಬರು ನನ್ನ ಕಡೆ ತಿರುಗಿದರು. “ಅಮ್ಮಾ, ದಿನಾ ಪೂಜೆ ಪುನಸ್ಕಾರ ಮಾಡೋರು ನೀವು. ನೀವೇ ಹೇಳಿ, ಅದು ಎಷ್ಟು ಹಳೇ ದೇವ್ರು?”

ಸುಮ್ಮನೆ “ಹಳೇದು” ಅಂದಿದ್ದರೆ ಮುಗಿಯುತ್ತಿತ್ತು. ಬೆಳಿಗ್ಗೆ ದೀಪ ಹಚ್ಚಿದ ಕೈಯನ್ನು ನೋಡಿಕೊಂಡೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಅದು ದೇವ್ರಲ್ಲ ಕಣಪ್ಪಾ. ಕೈಯಲ್ಲಿ ಉಳಿದ ಕುಂಕುಮಾನ ನಾನೇ ಹಚ್ಚಿದ್ದು. ದೇವ್ರ ಹೆಸರು ಬೇಡ. ಈ ಮಕ್ಕಳಿಗೋಸ್ಕರ ಕಲ್ಲು ಬಿಡಿ” ಅಂದೆ.

ಮೊದಲ ಅರ್ಧವನ್ನಷ್ಟೇ ಜನ ಕೇಳಿಸಿಕೊಂಡರು. ಸಭೆಯೆಲ್ಲ ನಗು. “ಹಂಗಾದ್ರೆ ತೊಂದ್ರೇನೇ ಇಲ್ಲ, ತೆಗೀಬೋದು!”

ಸಂಕ್ರಾಂತಿ ಮುಗಿದ ವಾರವೇ ಕಿತ್ತುಹಾಕಿದರು. ಹಾರೆ ಹಿಡಿದವನು ಒಂದೊಂದು ಕಲ್ಲನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡೇ ಕಿತ್ತ. ನಾನು ಹೇಳಿದ್ದನ್ನು ಅವನೂ ಪೂರ್ತಿ ನಂಬಿರಲಿಲ್ಲ ಅಂತ ಕಾಣುತ್ತದೆ.

ಆವತ್ತಿನಿಂದ ಭವ್ಯ ಬಂದಿಲ್ಲ. ಮೊನ್ನೆ ನಾನೇ ಅವರ ಹಳ್ಳಿಗೆ ಹೋದೆ. ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ತಲೆಯೆತ್ತದೆ ಕೇಳಿದಳು:

“ದೊಡ್ಡಮ್ಮಾ, ಅವ್ರು ಕೇಳ್ದೇ ಇದ್ದಿದ್ರೆ ನೀವು ಹೇಳ್ತಾನೇ ಇರ್ಲಿಲ್ಲ, ಅಲ್ವಾ?”

ಹೌದು. ಮೂರು ತಿಂಗಳು ಸುಮ್ಮನಿದ್ದವಳು ನಾನೇ.

ಮುನಿಯಪ್ಪನಿಗೆ ಒಂದು ಮಾತು ಹೇಳಿ ಬಂದಿದ್ದೇನೆ. ಪೇಟೆ ಶುರುವಾಗುವಲ್ಲಿ ಅವಳು ಸೈಕಲ್ ಇಳಿಯಲಿ, ಅಲ್ಲಿಂದ ಸ್ಕೂಲಿನವರೆಗೆ ದಿನಾ ನಾನು ಅವಳ ಜೊತೆ ನಡೆಯುತ್ತೇನೆ. “ನೋಡಣ ಅಮ್ಮಾ” ಅಂದಿದ್ದಾನೆ. ನಾಳೆ ಸೋಮವಾರ.

ನನಗೆ ತಿಳಿಯದಿರುವುದು ಒಂದೇ... ದೇವರಿಗೆ ಅಂದಾಗ ತಕರಾರಿಲ್ಲದೆ ಬಿಟ್ಟ ಅಷ್ಟಗಲ ದಾರಿಯನ್ನು, ಮಕ್ಕಳಿಗೆ ಅಂದಾಗ ನಾವು ಯಾಕೆ ಬಿಡಲಿಲ್ಲ?