ಕಟಕಟ ಅನ್ನುತ್ತಿದ್ದ ಕಿಟಕಿ

ಹೋದ ಭಾನುವಾರ ಕುಣಿಗಲ್ಲಿನಲ್ಲಿ ಒಬ್ಬರು ನನಗೆ ಟೀ ಕುಡಿಸಿದರು. ಅವರ ಕೆಲಸ ಕಳೆದವನು ನಾನು. ಅದು ಅವರಿಗೂ ಗೊತ್ತಿತ್ತು. ಆದರೂ ಸಕ್ಕರೆ ಸಾಕಾ ಅಂತ ಕೇಳಿ ಕುಡಿಸಿದರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಾನು ನಿಟ್ಟೂರಿನಿಂದ ತುಮಕೂರಿಗೆ ದಿನಾ ಬಸ್ಸಲ್ಲಿ ಓಡಾಡುವವನು. (ಇದು ನಿಮಗೆ ಗೊತ್ತು. ಗೊತ್ತಾಗದ ಹಾಗೆ ನಾನೆಲ್ಲಿ ಬಿಟ್ಟಿದ್ದೇನೆ?) ಹೋಗುವುದಕ್ಕೂ ಬರುವುದಕ್ಕೂ ಅದೇ ಪ್ರೈವೇಟ್ ಬಸ್ಸು. ಹೋದ ವರ್ಷ ಅದರ ಮೇಲೆ ಇದೇ ಅಂಕಣದಲ್ಲಿ ಬರೆದಿದ್ದೆ. ಎಡಗಡೆಯ ಮೂರನೇ ಸೀಟು. ರಸ್ತೆಯ ಗುಂಡಿ ಸಾಲದು ಅಂತ ಆ ಸೀಟಿನಲ್ಲೂ ಒಂದು ಗುಂಡಿ ಅಂದಿದ್ದೆ. ಪಕ್ಕದ ಕಿಟಕಿಯ ಗಾಜು ಚಳಿಜ್ವರ ಬಂದವನ ಹಲ್ಲಿನ ಹಾಗೆ ದಾರಿಯುದ್ದಕ್ಕೂ ಕಟಕಟ ಅನ್ನುತ್ತೆ ಅಂದಿದ್ದೆ. ಮಂಗಳವಾರ, ಶುಕ್ರವಾರ ಕಂಡಕ್ಟರ್ ಸಿದ್ದರಾಜು ಆ ಸೀಟಿಗೆ ತನ್ನ ಕೆಂಪು ಟವೆಲ್ ಹಾಕಿ ಯಾರಿಗೋ ಹಿಡಿದಿಟ್ಟಿರುತ್ತಾನೆ, ಇಂಥ ಸೀಟಿಗೂ ರಿಸರ್ವೇಶನ್ನಾ ಅಂತಲೂ ಕೇಳಿದ್ದೆ.

ಬರಹ ಹಿಟ್ ಆಯಿತು. ಎಷ್ಟೋ ಜನ ಫೋನ್ ಮಾಡಿ ನಕ್ಕರು. ಹದಿನೈದು ದಿನದಲ್ಲಿ ಬಸ್ಸಿನ ಮಾಲೀಕರೇ ಫೋನ್ ಮಾಡಿದರು. "ಸಾರ್, ಬಸ್ಸನ್ನ ಹಿರೇಹಳ್ಳಿ ಗ್ಯಾರೇಜಿಗೆ ಬಿಟ್ಟು ಎಲ್ಲಾ ಸೀಟೂ ಹೊಸದಾಗಿ ಮಾಡ್ಸಿದೀನಿ. ಕಿಟಕಿಗೂ ಹೊಸ ರಬ್ಬರ್. ಬಂದು ಕೂತ್ ನೋಡಿ!"

ಕೂತು ನೋಡಿದೆ. ನೀಲಿ ರೆಕ್ಸಿನ್, ದಪ್ಪ ಸ್ಪಂಜು. ಕಿಟಕಿ ತುಟಿಪಿಟಕ್ ಅನ್ನಲಿಲ್ಲ. ಸೀಟಿನ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ಸಿಗೂ ಹಾಕಿದೆ. ಬರೆದರೆ ಕೆಲಸ ಆಗುತ್ತೆ ನೋಡಿ ಅಂತ ಮನೆಯಲ್ಲೂ ಜಂಬ ಕೊಚ್ಚಿಕೊಂಡೆ.

ಅದಾದ ಮೇಲೆ ಒಂದು ಮಂಗಳವಾರ. ಸಂಜೆ ತುಮಕೂರಿನಿಂದ ವಾಪಸ್ ಬರುತ್ತಿದ್ದೆವು. ನಾನು ಬಲಗಡೆ ಕೂತಿದ್ದೆ; ಆಚೆ ಪಕ್ಕದ ಆ ಮೂರನೇ ಸೀಟಿನಲ್ಲಿ ಒಬ್ಬ ಕುಳ್ಳಗಿನ ಹೆಂಗಸು ಕೂತಿದ್ದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಬಲಗೈಯಲ್ಲಿ ಮುಂದಿನ ಕಂಬಿ ಬಿಗಿಯಾಗಿ ಹಿಡಿದು, ಎಡಗೈ ಬೆರಳಿಂದ ಕಿಟಕಿ ಸರಿಸಲು ನೋಡುತ್ತಿದ್ದರು. ಗಾಜು ಜಗ್ಗಲಿಲ್ಲ. ಪಕ್ಕದವರನ್ನು ಕೇಳುವಷ್ಟರಲ್ಲಿ ವಾಂತಿಯಾಯಿತು. ಸೀರೆ, ಹೊಸ ರೆಕ್ಸಿನ್, ನೆಲ, ಎಲ್ಲಾ.

"ಹೊಸಾ ಸೀಟು ಕಣಮ್ಮ, ಒಂದ್ ಕವರಾದ್ರೂ ಇಟ್ಕಬಾರ್ದಾ?" ಅಂತ ಯಾರೋ ಗದರಿದರು. ಸಿದ್ದರಾಜು ಹಿಂದಿನ ಬಾಗಿಲಿಂದ ಓಡಿ ಬಂದು ಅದೇ ಕೆಂಪು ಟವೆಲ್ಲಿನಿಂದ ಅವರ ಮುಖ ಒರೆಸಿದ. ಆಕೆ ಗುಬ್ಬಿಯಲ್ಲಿ ಇಳಿಯುವವರೆಗೂ ತಲೆ ಎತ್ತಲಿಲ್ಲ.

ನಾನೇನು ಮಾಡಿದೆ ಅಂತೀರಾ? ಕಾಲು ಮೇಲೆತ್ತಿಕೊಂಡು ಹಿಂದಿನ ಸೀಟಿಗೆ ಹೋದೆ. ಮೂಗಿಗೆ ಕರ್ಚೀಫ್ ಬೇರೆ.

ಆಮೇಲೆ ಮಂಗಳವಾರದ ಟವೆಲ್ ನಿಂತಿತು. ಕೆಲವು ತಿಂಗಳಿಗೆ ಶುಕ್ರವಾರದ್ದೂ ನಿಂತಿತು. ನಾನು ಗಮನಿಸಿದೆ. ಸೀಟು ಸಿಕ್ಕಿತಲ್ಲ ಅಂತ ಖುಷಿಯೂ ಪಟ್ಟೆ.

ಹೋದ ಭಾನುವಾರ ಒಂದು ಮದುವೆಗೆ ಕುಣಿಗಲ್ಲಿಗೆ ಹೋಗಿದ್ದೆ. ಛತ್ರದ ಎದುರಿಗೇ ಒಂದು ಕುಶನ್ ಅಂಗಡಿ. ಹೊರಗೆ ಒಬ್ಬರು ಬೈಕಿನ ಸೀಟಿಗೆ ಕವರ್ ಹಾಕುತ್ತಿದ್ದರು. ನೋಡಿದರೆ ಬಾಷಾ ಸಾಬರು. ಗುಬ್ಬಿ ಬಸ್‌ಸ್ಟ್ಯಾಂಡ್ ಪಕ್ಕ ಹೊಲಿಗೆ ಮಷೀನ್ ಇಟ್ಟುಕೊಂಡು ನಮ್ಮ ಬಸ್ಸಿನ ಸೀಟು, ಕಿಟಕಿಗಳನ್ನು ವರ್ಷಗಟ್ಟಲೆ ನೋಡಿಕೊಂಡವರು.

"ಏನ್ ಸಾಬ್ರೇ, ಇಲ್ಲಿ?" ಅಂದೆ.

"ಮಗಳ ಮನೆ ಸಾ. ಅಲ್ಲಿ ಬಸ್ಸಿನ ಕೆಲ್ಸ ಹೋಯ್ತಲ್ಲ, ಬಂದ್ಬುಟ್ಟೆ," ಅಂದರು. ಆಮೇಲೆ ನಕ್ಕು, "ನೀವ್ ಬರ್ದಿದ್ದನ್ನ ಮಗಳು ಓದಿ ಹೇಳುದ್ಲು. ಚೆನ್ನಾಗಿತ್ತು ಸಾ. ಚಳಿಜ್ವರದ ಹಲ್ಲು ಅಂದಿದ್ರಲ್ಲ, ನಂಗೂ ನಗು ಬಂತು."

ನನಗೆ ನಗು ಬರಲಿಲ್ಲ. ಏನಾದರೂ ಮಾತಾಡಬೇಕಲ್ಲ ಅಂತ, "ಅಷ್ಟು ಒಳ್ಳೆ ಕೆಲಸಗಾರರು ನೀವು, ಅದೊಂದು ಸೀಟು ಯಾಕೆ ಹಾಗೆ ಬಿಟ್ಟಿದ್ರಿ?" ಅಂದುಬಿಟ್ಟೆ.

"ಬಿಟ್ಟಿರ್ಲಿಲ್ಲ ಸಾ. ಮಾಡಿದ್ದೇ ಹಂಗೆ."

ಮಾಡಿದ್ದು ಗೌರಮ್ಮನಿಗೆ. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಿದ್ದವರು, ಬಾಷಾ ಸಾಬರ ಅಂಗಡಿಯ ಪಕ್ಕದಲ್ಲೇ. ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು.

"ಎಡಗೈಗೆ ಸೂಜಿ ಹಾಕ್ತಿದ್ರು. ಆ ಕೈನಾಗೆ ಏನೂ ಎಳೀಬಾರ್ದು ಅಂತ ಡಾಕ್ಟ್ರು ಹೇಳವ್ರೆ. ಬಲಗೈನಾಗೆ ಕಂಬಿ ಹಿಡೀದಿದ್ರೆ ತಲೆ ಸುತ್ತಿ ಬೀಳೋರು. ಬರೋವಾಗ ವಾಂತಿ ಬೇರೆ. ಅದ್ಕೆ ಗಾಜು ಓಡೋ ಜಾಗದಾಗಿದ್ದ ರಬ್ಬರ್ ಕಿತ್ತಾಕಿದ್ದೆ. ಪ್ರತಿ ಸೋಮ್ವಾರ ಮೇಣದಬತ್ತಿ ಉಜ್ಜಿಡ್ತಿದ್ದೆ. ಒಂದು ಬೆರಳಾಗೆ ತಳ್ಳುದ್ರೆ ಸಾಕು, ಸರ್ ಅಂತ ಹೋಗೋದು. ರಬ್ಬರ್ ಇಲ್ದಿದ್ರೆ ಸದ್ದು ಬರ್ದೆ ಇರ್ತದಾ?"

"ಮತ್ತೆ ಗುಂಡಿ?"

"ಕಾಲು ನೆಲಕ್ಕೆ ಸಿಗ್ಲಿ ಅಂತ ಸ್ಪಂಜು ಕುಯ್ದು ತಗ್ಗು ಮಾಡಿದ್ದೆ ಸಾ."

ಮಾಲೀಕರಿಗೆ ಇದನ್ನೆಲ್ಲ ಹೇಳಬಾರದಿತ್ತೇ ಅಂತ ನನಗೆ ಸಿಟ್ಟೇ ಬಂತು. (ತಪ್ಪು ನನ್ನದಾದಾಗ ಸಿಟ್ಟು ಬೇಗ ಬರುತ್ತೆ.)

"ಹೇಳ್ದೆ ಸಾ," ಅಂದರು. "ಅವ್ರು ಪೇಪರ್ ತೋರ್ಸುದ್ರು."

ಆಗಲೇ ಟೀ ಬಂದಿದ್ದು.

"ಈಗ ಹೇಗಿದಾರೆ ಗೌರಮ್ಮ?" ಅಂತ ಕೇಳಿದೆ. ಉತ್ತರ ಏನಿರಬಹುದು ಅಂತ ಗೊತ್ತಾಗಿತ್ತು, ಆದರೂ ಕೇಳಿದೆ.

"ಒಂದಿನ ಬಸ್ಸಾಗೆ ಎಲ್ರ ಮುಂದೆ ಮಾನ ಹೋಯ್ತು ಅಂತ ಅತ್ರಂತೆ. ಎರಡು ಸಲ ಹೋಗೋದು ಒಂದು ಸಲ ಮಾಡ್ಕಂಡ್ರು. ಸಿದ್ದರಾಜು ಎಷ್ಟ್ ಕರುದ್ರೂ ಬರ್ಲಿಲ್ಲ. ಆಮೇಲೆ ಅದೂ ಇಲ್ಲ. ಕಾರ್ತೀಕದಾಗೆ ಹೋಗ್ಬುಟ್ರು." ಸೂಜಿಗೆ ದಾರ ಪೋಣಿಸಿಕೊಂಡು, "ಕುಡೀರಿ ಸಾ, ಆರೋಯ್ತದೆ," ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಕಿಟಕಿಯಿಂದ ಸತ್ತರು ಅಂತ ಯಾವ ಡಾಕ್ಟರೂ ಬರೆಯುವುದಿಲ್ಲ. ಕಾಯಿಲೆ ಮೊದಲೇ ಇತ್ತು, ನಿಜ. ಹೀಗಂತ ಅವತ್ತಿನಿಂದ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ಆಗುತ್ತಿಲ್ಲ. ಕಣ್ಣೆದುರಿಗೆ ಒಬ್ಬರು ಬೆರಳಿನಿಂದ ಗಾಜು ತಳ್ಳುತ್ತಿದ್ದಾಗ ನಾನು ನೋಡುತ್ತಾ ಕೂತವನು, ವಾಂತಿಯಾದ ಮೇಲೆ ಕಾಲೆತ್ತಿಕೊಂಡು ಎದ್ದು ಹೋದವನು. ಅದನ್ನು ಯಾವ ಸಮಾಧಾನದಲ್ಲಿ ಮುಚ್ಚಲಿ?

ಮಂಗಳವಾರ ಅದೇ ಮೂರನೇ ಸೀಟಿನಲ್ಲಿ ಕೂತೆ. ಎಡಗೈಯ ಒಂದು ಬೆರಳಿಟ್ಟು ಗಾಜು ತಳ್ಳಿದೆ. ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದ ಮೇಲೆ ಒಂದು ಗೇಣು ಸರಿಯಿತು. ಸಿದ್ದರಾಜು ಟಿಕೆಟ್ ಕೊಡಲು ಬಂದು ನೋಡುತ್ತಾ ನಿಂತ. ಟವೆಲ್ ಯಾರಿಗೆ ಹಾಕುತ್ತಿದ್ದೆ ಅಂತ ಅವತ್ತೇ ನನಗೆ ಯಾಕಪ್ಪಾ ಹೇಳಲಿಲ್ಲ ಅಂದೆ.

"ನೀವು ಕೇಳ್ಲೇ ಇಲ್ವಲ್ಲ ಸಾರ್," ಅಂದ.

ಹೌದಲ್ಲ, ಬರೆಯುವ ಮೊದಲು ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?