ಅಕ್ಪೇನೆಯ ಮೂವರು ಸವತಿಯರು
ಬೆಳಕು ಹರಿಯುವ ಮುಂಚೆ ಅಕ್ಪೇನೆ ಅಂಗಳ ಗುಡಿಸಬೇಕು, ನೀರು ಹೊರಬೇಕು, ಜೋಳದ ಗಂಜಿ ಕಾಯಿಸಬೇಕು, ಫುಫು ಎಂಬ ಮುದ್ದೆಗೆ ಗೆಡ್ಡೆ ಬೇಯಿಸಿ ಒರಳಲ್ಲಿ ಕುಟ್ಟಬೇಕು. ಲೋಮೆ ಪಟ್ಟಣದ ಅವಳ ಕೇರಿಯಲ್ಲಿ ಒನಕೆಯ ಸದ್ದಿಲ್ಲದ ಮನೆಯೆಂದರೆ ಹೆಂಗಸಿಲ್ಲದ ಮನೆ. ಮೈ ಕಾಯಬೇಕಾದ ಶಕ್ತಿಯೇ ತಿರುಗಿ ಮೈಯನ್ನು ಕಚ್ಚುವ ಮೂರು ಕಾಯಿಲೆಗಳು ಒಟ್ಟಿಗೇ ಬಂದಿವೆ ಎಂದು ಡಾಕ್ಟರು ಹೇಳಿದಂದಿನಿಂದ ಅವಳಿಗೆ ಅವು ಸವತಿಯರು. “ಹಿರೀಸವತಿ ಕೀಲಲ್ಲಿ ಕೂತವಳೆ, ನಡುವಿನವಳು ಚರ್ಮ ಬಿಗೀತಾಳೆ, ಕಿರಿಯವಳಿಗೆ ಬಿಸಿಲೇ ಆಗಲ್ಲ. ಒಬ್ಬಳಾದ್ರೂ ಪೊರಕೆ ಮುಟ್ತಾಳಾ?” ಎಂದು ಪಕ್ಕದ ಮನೆಯವರಿಗೂ ದೂರು. “ಮೂವರನ್ನೂ ಸಾಕ್ತಿರೋನು ನಾನು ಕಣೇ, ಫುಫು ಎಲ್ಲಿ?” ಎನ್ನುತ್ತಾನೆ ಗಂಡ ದೊತ್ಸೆ. ಬೆರಳು ಮಡಿಸಲಾಗದೆ ಅವಳು ತಲೆವಸ್ತ್ರದಿಂದ ಒನಕೆಯನ್ನು ಕೈಗೆ ಕಟ್ಟಿಕೊಂಡು ಕುಟ್ಟುವುದನ್ನು ಅವನು ನೋಡಿಲ್ಲ. ಆಗ ಅವನು ಗೊರಕೆಯಲ್ಲಿರುತ್ತಾನೆ. ಇಂದು ತಣ್ಣೀರು ಮುಟ್ಟಿದ್ದೇ ಬೆರಳುಗಳು ಸುಣ್ಣದಂತೆ ಬಿಳಿಚಿದವು. ಅಕ್ಪೇನೆ ಯಾರನ್ನೂ ಕೇಳದೆ ಒನಕೆಯನ್ನು ಒಲೆಗೆ ತುರುಕಿ, ಕೈ ಕಾಯಿಸಿಕೊಳ್ಳುತ್ತ ಕೂತಳು.